ರಜೆಯಲ್ಲಿ ಮಕ್ಕಳ ಮೈ ಬೆವರಲಿ

ಏಪ್ರಿಲ್ ಬಂತೆಂದರೆ ಮಕ್ಕಳ ಕೈಗೆ ಮೊಬೈಲ್ ಬರುತ್ತದೆ, ಅಂಗಳ ಖಾಲಿಯಾಗುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ದುಬಾರಿ ಶಿಬಿರವೇ ಆಗಬೇಕೆಂದಿಲ್ಲ. ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು ಇದ್ದರೆ ಲಗೋರಿ ಶುರು. ಕಲ್ಲು ಚೆದುರಿದೊಡನೆ ಓಡಬೇಕು, ಚೆಂಡಿನೇಟು ತಪ್ಪಿಸಲು ಬಗ್ಗಬೇಕು, ಮತ್ತೆ ಬಂದು ಕುಕ್ಕರಗಾಲಲ್ಲಿ ಕೂತು ಕಲ್ಲು ಪೇರಿಸಬೇಕು. ಸ್ವಲ್ಪ ಹೊತ್ತಿಗೇ ಅಂಗಿ ಬೆನ್ನಿಗೆ ಅಂಟಿರುತ್ತದೆ. ಅಂಗಳವಿಲ್ಲವೇ? ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದುಕೊಡಿ. ಆಟ ಬೆಳಗ್ಗೆ 10ರೊಳಗೆ, ಇಲ್ಲವೇ ಸಂಜೆ ಬಿಸಿಲಿಳಿದ ಮೇಲೆ. ಕಲಬುರಗಿ, ರಾಯಚೂರಿನ ಕಡೆಯವರು ಇನ್ನೂ ಬೇಗ ಮುಗಿಸಿ. ಬಾಯಾರಿಕೆ ಎನ್ನುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಒಂದು ಸಂಜೆ ನೀವೂ ಲಗೋರಿಗೆ ಇಳಿಯಿರಿ. ಮರುದಿನ ಚೆಂಡು ಹಿಡಿದು ಮಕ್ಕಳೇ ಕರೆಯಲು ಬರುತ್ತಾರೆ.