ನೋವು ತಿಳಿಯದ ಹಿಮ್ಮಡಿ

ಮಗಳೇ,

ಮೊನ್ನೆ ನಾನು ಬಂದಾಗ ನಿಮ್ಮ ನಡುಮನೆಯ ತುಂಬ ಜನ ಇದ್ದರು. ದೇವರು ತನಗೆ ಬೇಕಾದವರನ್ನೇ ಪರೀಕ್ಷಿಸುತ್ತಾನೆ ಅಂತ ಒಬ್ಬರು. ಇದರಲ್ಲೂ ಏನೋ ಒಳ್ಳೆಯದಿರುತ್ತದೆ ಅಂತ ಇನ್ನೊಬ್ಬರು. ನೀನು ತಲೆಯಾಡಿಸುತ್ತ ಚಹಾ ಕೊಡುತ್ತಿದ್ದೆ. ಒಳಕೋಣೆಯಲ್ಲಿ ನಿನ್ನ ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನನ್ನನ್ನು ಕಳಿಸಿಕೊಡಲು ನೀನು ಗೇಟಿನವರೆಗೆ ಬಂದು, ‘ದೊಡ್ಡಮ್ಮಾ, ಬೈಕಿನಿಂದ ಬಿದ್ದು ಬೆನ್ನು ಮುರಿದದ್ದರಲ್ಲಿ ದೇವರ ಚಿತ್ತ ಏನಿದ್ದೀತು?’ ಅಂತ ಕೇಳಿದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಇಲ್ಲ. ಆದರೆ ಅರ್ಧ ಆಯುಷ್ಯ ವಾರ್ಡುಗಳಲ್ಲೇ ಕಳೆದ ನರ್ಸ್ ನಾನು, ಹೇಳಬೇಕಾದ ಬೇರೆ ಕೆಲವು ಮಾತುಗಳಿವೆ.

ಬೈಬಲಿನ ಯೋಬನ ಮೂವರು ಗೆಳೆಯರನ್ನು ನಾವು ಎಷ್ಟು ಬೈಯುತ್ತೇವೆ! ಪಾಪ, ಮೊದಲ ಏಳು ಹಗಲು ಏಳು ರಾತ್ರಿ ಅವರು ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಗೇ ಎದ್ದುಹೋಗಿದ್ದರೆ ಒಳ್ಳೆಯ ಹೆಸರು ಉಳಿಯುತ್ತಿತ್ತು. ಬಾಯಿ ತೆರೆದು ಕೆಟ್ಟರು. ಕಡೆಗೆ ಯೋಬನಿಗೂ ದೇವರ ಗದರಿಕೆ ಬಿತ್ತು, ನಿಜ. ಆದರೆ ದೇವರ ಕೋಪ ಉರಿದದ್ದು ದೇವರ ಪರ ವಕಾಲತ್ತು ವಹಿಸಿದ ಆ ಮೂವರ ಮೇಲೆ. ಕೂಗಾಡಿದ ಯೋಬನ ಮಾತೇ ಸರಿ ಅಂತ ತೀರ್ಪಾಯಿತು. 88ನೆಯ ಕೀರ್ತನೆಯನ್ನೂ ಒಮ್ಮೆ ತೆಗೆದು ನೋಡು. ಬೇರೆ ಕೀರ್ತನೆಗಳ ಹಾಗೆ ಕೊನೆಗೆ ಸ್ತುತಿಗೆ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿದುಹೋಗುತ್ತದೆ. ಹಿರಿಯರು ಅದನ್ನು ಪುಸ್ತಕದಿಂದ ತೆಗೆಯದೆ ಹಾಗೇ ಬಿಟ್ಟಿದ್ದಾರೆ. ಹಾಗಾಗಿ ನಿನ್ನ ತಮ್ಮ ದೇವರನ್ನು ಬೈದರೆ ಬೈಯಲಿ. ಮನೆಪ್ರಾರ್ಥನೆಗೆ ಬಂದವರ ಸಮಾಧಾನಕ್ಕೆ ಅವನಿಂದ ಸ್ತೋತ್ರ ಹೇಳಿಸಬೇಡ.

ನೋವಿನ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆಯಿಂದ ಕಾಟ್ಪಾಡಿಯ ರೈಲು ಹತ್ತಿ ವೆಲ್ಲೂರಿನ ಆಸ್ಪತ್ರೆಗೆ ಹೋಗದ ಮನೆ ಕಡಿಮೆ. ಆ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರಾಂಡ್ ಅಂತ ಒಬ್ಬರಿದ್ದರು, ಮಿಷನರಿ ದಂಪತಿಯ ಮಗ, ಕೊಲ್ಲಿ ಬೆಟ್ಟದಲ್ಲಿ ಬಾಲ್ಯ ಕಳೆದವರು. ಕುಷ್ಠರೋಗಿಗಳ ಬೆರಳು ಕೊಳೆತು ಉದುರುತ್ತವೆ ಅಂತ ಲೋಕವೆಲ್ಲ ನಂಬಿದ್ದಾಗ ಅವರು ಕೂತು ಗಮನಿಸಿದರು. ರೋಗ ನರಗಳನ್ನು ಕೊಲ್ಲುತ್ತದೆ, ನೋವು ತಿಳಿಯುವುದು ನಿಲ್ಲುತ್ತದೆ. ಆಮೇಲೆ ಕೆಂಡದ ಮೇಲೆ ಕೈಯಿಟ್ಟರೂ ಗೊತ್ತಾಗದು, ಚಪ್ಪಲಿಯಲ್ಲಿ ಮೊಳೆ ಎದ್ದಿದ್ದರೂ ಅದರ ಮೇಲೆಯೇ ನಡೆಯುತ್ತಾರೆ. ಕೈಕಾಲು ಹಾಳಾಗುತ್ತಿದ್ದದ್ದು ಹೀಗೆ, ನೋವು ಇಲ್ಲದ್ದರಿಂದ. ನೋವು ದೇವರು ಕೊಟ್ಟ ವರ ಅಂತಲೇ ಅವರು ಜೀವನಪೂರ್ತಿ ಹೇಳಿದರು. ಆ ಮಾತನ್ನು ನಿನ್ನ ತಮ್ಮನ ಮುಂದೆ ಮಾತ್ರ ಆಡಬೇಡ. ಡಾಕ್ಟರು ರೋಗಿಗಳ ನಡುವೆ ಬದುಕಿ ಗಳಿಸಿದ ಮಾತು ಅದು; ಚಹಾ ಕುಡಿಯಲು ಬಂದವರು ಎರವಲು ತಂದರೆ ಚುಚ್ಚುತ್ತದೆ.

ಅದೇ ಆಸ್ಪತ್ರೆಯಲ್ಲಿ ಕೇರಳದ ಹುಡುಗಿ ಮೇರಿ ವರ್ಗೀಸ್ ಕೆಲಸದಲ್ಲಿದ್ದಳು, ಇನ್ನೂ ಮೂವತ್ತು ತುಂಬದ ಡಾಕ್ಟರು. 1954ರಲ್ಲಿ ಗೆಳೆಯರ ಜೊತೆ ಹೊರಟ ಗಾಡಿ ಅಪಘಾತಕ್ಕೀಡಾಗಿ ಬೆನ್ನುಹುರಿಗೆ ಪೆಟ್ಟಾಯಿತು. ಮತ್ತೆ ಕಾಲು ಊರಲಿಲ್ಲ. ಕುಷ್ಠರೋಗಿಗಳ ಮಡಚಿದ ಕೈಯ ಶಸ್ತ್ರಚಿಕಿತ್ಸೆಯನ್ನು ಕೂತುಕೊಂಡೇ ಮಾಡಬಹುದಲ್ಲ, ಅಂತ ದಾರಿ ತೋರಿಸಿದವರು ಬ್ರಾಂಡ್. ಗಾಲಿಕುರ್ಚಿಯಲ್ಲಿ ಕೂತೇ ಆಕೆ ಎಷ್ಟೋ ಕೈಗಳ ಬೆರಳು ಬಿಡಿಸಿದರು. ಮುಂದೆ ಆಸ್ಟ್ರೇಲಿಯಾಕ್ಕೆ, ನ್ಯೂಯಾರ್ಕಿಗೆ ಹೋಗಿ ಬಂದು, ತನ್ನಂಥವರನ್ನು ಮತ್ತೆ ಬದುಕಿಗೆ ಹಚ್ಚುವ ವೈದ್ಯವಿಭಾಗವನ್ನೇ ಕಟ್ಟಿದರು. ಅದರ ಪುನರ್ವಸತಿ ಕೇಂದ್ರ ಶುರುವಾದದ್ದು 1966ರಲ್ಲಿ. 1972ರಲ್ಲಿ ಪದ್ಮಶ್ರೀ ಬಂತು.

ಈ ಕಥೆ ಭಾನುವಾರದ ಪ್ರಸಂಗದಲ್ಲಿ ಐದು ನಿಮಿಷಕ್ಕೆ ಮುಗಿಯುತ್ತದೆ. ನಡುವಿನ ಲೆಕ್ಕ ಯಾರೂ ಹಾಕುವುದಿಲ್ಲ: 1954ರಿಂದ 1966ಕ್ಕೆ ಹನ್ನೆರಡು ವರ್ಷ! ನಿನ್ನ ತಮ್ಮ ಬಿದ್ದು ಹನ್ನೊಂದು ವಾರವೂ ಆಗಿಲ್ಲ. ರೋಮಾಪುರದವರಿಗೆ ಬರೆಯುವಾಗ ಪೌಲನೂ ಕಷ್ಟಕ್ಕೂ ನಿರೀಕ್ಷೆಗೂ ನಡುವೆ ಎರಡು ಮೆಟ್ಟಿಲು ಇಟ್ಟಿದ್ದಾನೆ, ಮೊದಲು ತಾಳ್ಮೆ, ಆಮೇಲೆ ಪಳಗಿದ ಗುಣ. ನಮ್ಮವರಿಗೆ ಒಂದೇ ನೆಗೆತಕ್ಕೆ ಮೇಲಿನದೇ ಬೇಕು. (ನೋಡು, ನಾನೂ ಮೆಟ್ಟಿಲಿನ ಮಾತಾಡಿದೆ. ಅವನೆದುರು ಆಡದಿದ್ದರೆ ಸಾಕು.) ಅವನು ಮೇರಿ ವರ್ಗೀಸ್ ಆಗಬೇಕಾಗಿಯೂ ಇಲ್ಲ. ಪದಕ ಬಾರದ, ಪುಸ್ತಕವಾಗದ ಸಾವಿರ ಗಾಲಿಕುರ್ಚಿಗಳಿವೆ. ಅವುಗಳಲ್ಲಿ ಕೂತು ಲೆಕ್ಕ ಬರೆಯುವವರು, ಟೈಲರಿಂಗ್ ಮಾಡುವವರು, ಮಕ್ಕಳಿಗೆ ಪಾಠ ಹೇಳುವವರು ನನಗೆ ಗೊತ್ತು.

ಈಗ ನಿಜವಾದ ಕೆಲಸಕ್ಕೆ ಬರೋಣ. ಸೊಂಟದ ಕೆಳಗೆ ನಿನ್ನ ತಮ್ಮನಿಗೂ ಆ ಕುಷ್ಠರೋಗಿಗಳ ಹಾಗೆ ನೋವು ತಿಳಿಯುವುದಿಲ್ಲ. ಹಿಮ್ಮಡಿ, ಬಾಲಮೂಳೆ, ಸೊಂಟದ ಪಕ್ಕದ ಮೂಳೆ, ಈ ಮೂರು ಕಡೆ ಚರ್ಮ ಸತ್ತರೂ ಅವನು ಅಯ್ಯೋ ಅನ್ನಲಾರ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ದಿನಾ ಟಾರ್ಚು ಹಿಡಿದು ನೋಡಬೇಕು. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿದರೂ ಬಿಳಚದಿದ್ದರೆ ಆ ಮಗ್ಗುಲಿಗೆ ಮಲಗಿಸದೆ ಡಾಕ್ಟರಿಗೆ ತೋರಿಸು. ಅವನಿಗೆ ತಿಳಿಯದ ನೋವನ್ನು ನಿನ್ನ ಕಣ್ಣು ತಿಳಿಯಬೇಕು. ಕೊರಿಂಥದವರಿಗೆ ಪೌಲ ಬರೆದ, ಸಭೆಯೇ ದೇಹ, ನಾವು ಅಂಗಗಳು ಅನ್ನುವ ಅಧ್ಯಾಯವನ್ನು ಎಷ್ಟು ಸಲ ಓದಿದ್ದೆನೋ, ಅದರ ಅರ್ಥ ತಿಳಿದದ್ದು ಮಾತ್ರ ಇಂಥ ಹಿಮ್ಮಡಿಗಳನ್ನು ಒರೆಸುವಾಗ. ಸಭೆ ದೇಹವಾದರೆ ನರವೂ ಆಗಬೇಕಲ್ಲ? ನಿನ್ನೊಬ್ಬಳ ಕೈಲಿ ಇದಾಗುವುದಿಲ್ಲ. ಇನ್ನು ಮೇಲೆ ಸಮಾಧಾನ ಹೇಳಲು ಬಂದವರ ಕೈಗೆ ಒಂದು ಗಡಿಯಾರ ಕೊಡು, ರಾತ್ರಿಯ ಎರಡು ಸರದಿ ವಹಿಸಿಕೊಳ್ಳುತ್ತೀರಾ ಅಂತ ಕೇಳು. ನಾಚಿಕೊಳ್ಳಬೇಡ.

ಶುಕ್ರವಾರ, ಶನಿವಾರದ ರಾತ್ರಿ ನನ್ನದು. ಊಟ ಮಾಡಿಯೇ ಬರುತ್ತೇನೆ, ನನಗಾಗಿ ಏನೂ ಮಾಡಿಡಬೇಡ. ನಿಮ್ಮ ಮನೆಯ ಟಾರ್ಚಿನ ಬೆಳಕು ಮಂಕಾಗಿತ್ತು, ಎರಡು ಸೆಲ್ಲು ತರುತ್ತೇನೆ.