ಅಲ್ಪ ವೇಳೆಯೂ ಮನೆಯ ಓರಣವೂ

ಮನೆಯನ್ನು ಓರಣವಾಗಿಟ್ಟುಕೊಳ್ಳಬೇಕೆಂದು ಉಪದೇಶಿಸುವವರು ಬಹಳ ಮಂದಿ; ಅದಕ್ಕೆ ವೇಳೆ ಎಲ್ಲಿಂದ ಬರಬೇಕೆಂದು ತಿಳಿಸುವವರು ಕೆಲವರೇ. ಆದಕಾರಣ, ಪ್ರಿಯ ವಾಚಕರೇ, ಈ ಪಾಠದಲ್ಲಿ ವೇಳೆಯಿಲ್ಲದವರ ಮನೆಯನ್ನು ಕುರಿತೇ ಆಲೋಚಿಸುವೆವು.

ನಮ್ಮ ಸೀಮೆಯ ಸ್ಥಿತಿಯನ್ನು ನೋಡಿರಿ. ಬಳ್ಳಾರಿ ಪಟ್ಟಣದಲ್ಲಿ ಜೀನ್ಸ್ ಹೊಲಿಯುವ ಕಸುಬು ಅನೇಕ ಮನೆಗಳಿಗೆ ಅನ್ನ ಕೊಡುತ್ತದೆ. ಕೆಲವರು ಹೊಲಿಗೆಗಾಗಿ ಕಾರ್ಖಾನೆಗೆ ಹೋಗುವರು, ಕೆಲವರು ಬಟ್ಟೆಯ ಗಂಟನ್ನು ಮನೆಗೇ ತಂದುಕೊಳ್ಳುವರು. ಸಿರುಗುಪ್ಪ ಕುರುಗೋಡುಗಳ ಕಡೆಯಲ್ಲಾದರೋ, 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಪೂರ್ತಿಯಾಗಿ ಕಾಲುವೆಯ ನೀರು ಹರಿದು ಬಂದ ಮೇಲೆ ಭತ್ತವೂ ಮೆಣಸಿನಕಾಯಿಯೂ ಹೆಚ್ಚಿದವು. ಅವುಗಳೊಂದಿಗೆ ನಾಟಿ, ಕಳೆ, ಕೊಯ್ಲು, ಕಾಯಿ ಬಿಡಿಸುವದು ಎಂಬ ಹೆಂಗಸರ ಕೆಲಸವೂ ಹೆಚ್ಚಿತು. ಹೊತ್ತು ಮೂಡುವ ಮುಂಚೆ ಬುತ್ತಿ ಕಟ್ಟಿಕೊಂಡು ಹೋದವಳು ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದು ಒಲೆಯ ಮುಂದೆ ಕೂತುಕೊಳ್ಳುವಳು. ಇಂಥವಳ ಮನೆಯಲ್ಲಿ ಕಸ ಕಂಡರೆ ಅವಳನ್ನು ಸೋಮಾರಿ ಎನ್ನುವದು ನ್ಯಾಯವಲ್ಲ. ಆದರೂ ಕಸದಿಂದ ಬರುವ ರೋಗವು ಅವಳಿಗೆ ವೇಳೆಯಿತ್ತೋ ಇಲ್ಲವೋ ಎಂದು ವಿಚಾರಿಸುವದಿಲ್ಲ.

ಹೀಗಿರಲಾಗಿ ಮಾಡತಕ್ಕದ್ದೇನು? ಮೂರು ಸಂಗತಿಗಳನ್ನು ಮನಸ್ಸಿಗೆ ತಂದುಕೊಳ್ಳೋಣ.

ಒಂದನೆಯದು: ತಡವನ್ನು ಸಹಿಸುವ ಕೆಲಸವನ್ನೂ ಸಹಿಸದ ಕೆಲಸವನ್ನೂ ಬೇರೆ ಬೇರೆ ಮಾಡಿರಿ.

ಜೇಡರ ಬಲೆ ಎಂಟು ದಿನ ಇದ್ದರೂ ಯಾರೂ ಹಾಸಿಗೆ ಹಿಡಿಯುವದಿಲ್ಲ. ಹಿತ್ತಾಳೆಯ ಬಿಂದಿಗೆಯ ಹೊರಮೈ ಹೊಳೆಯದಿದ್ದರೂ ಅದರೊಳಗಿನ ನೀರು ಕೆಡುವದಿಲ್ಲ. ಆದರೆ ತಡವನ್ನು ಸಹಿಸದ ಕೆಲಸಗಳು ಮೂರುಂಟು.

ಮೊದಲನೆಯದು ನೀರು. ನಳದ ನೀರು ದಿನವೂ ಬಾರದ ಓಣಿಗಳಲ್ಲಿ ಡ್ರಮ್ಮು ತೊಟ್ಟಿಗಳನ್ನು ತುಂಬಿಡುವದು ವಾಡಿಕೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಎಂಬ ಸೊಳ್ಳೆಯು ಹಗಲಲ್ಲಿ ಕಚ್ಚುವಂಥದು. ಅದು ಚರಂಡಿಯ ಕೊಳಚೆಗಿಂತ ಇಂಥ ತಿಳಿನೀರನ್ನೇ ಹೆಚ್ಚಾಗಿ ಹುಡುಕಿ, ನೀರಿನ ಅಂಚಿನಲ್ಲಿ ಪಾತ್ರೆಯ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಮೊಟ್ಟೆಯು ಸೊಳ್ಳೆಯಾಗುವದಕ್ಕೆ ನಮ್ಮ ಸೆಕೆಯಲ್ಲಿ ಸುಮಾರು 7ರಿಂದ 10 ದಿನಗಳು ಸಾಕು. ನೀರನ್ನು ಚೆಲ್ಲಿದ ಮಾತ್ರಕ್ಕೆ ಅದು ಸಾಯುವದಿಲ್ಲ. ಒಣಗಿದ ಮೊಟ್ಟೆಯು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ತಿರುಗಿ ನೀರು ಮುಟ್ಟಿದಾಗ ಮರಿಯಾಗುತ್ತದೆ. ಆದದರಿಂದ ವಾರಕ್ಕೆ ಒಂದು ದಿನವನ್ನು ಗೊತ್ತುಮಾಡಿ, ಪಾತ್ರೆಯನ್ನು ಬರಿದುಮಾಡಿ, ಒಳಗೋಡೆಯನ್ನು ನಾರಿನಿಂದ ಬಲವಾಗಿ ಉಜ್ಜಿ ಒಣಗಿಸಿರಿ. ಮುಚ್ಚಳವಿಲ್ಲದಿದ್ದರೆ ಒತ್ತಾದ ಬಟ್ಟೆಯನ್ನು ಬಿಗಿಯಾಗಿ ಕಟ್ಟಿರಿ. ಬೇಸಿಗೆಯ ಕೂಲರಿನ ತಳದಲ್ಲಿ ನಿಂತ ನೀರನ್ನು ಮರೆಯಬೇಡಿರಿ.

ಎರಡನೆಯದು ಬೆಳೆಗೆ ಸಿಂಪಡಿಸುವ ಔಷಧ. ಹೆಸರು ಔಷಧವಾದರೂ ಅದು ವಿಷವೇ. ಅದನ್ನು ಅಡಿಗೆಮನೆಯ ಮಾಡದಲ್ಲಾಗಲಿ ಮಂಚದ ಕೆಳಗಾಗಲಿ ಇಡಬಾರದು. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಗೆ ಎಂದಿಗೂ ಸುರಿಯಬಾರದು. ಬಾಯಾರಿದ ಮಗುವಿಗೆ ಬಾಟಲಿಯ ಗುರುತುಂಟೇ ಹೊರತು ಒಳಗಿರುವದರ ಗುರುತಿಲ್ಲ. ಬೀಗವುಳ್ಳ ಪೆಟ್ಟಿಗೆಯೊಂದನ್ನು ಇದಕ್ಕಾಗಿಯೇ ಮಕ್ಕಳ ಕೈಗೆ ಎಟುಕದ ಕಡೆ ಇಡಿರಿ. ಬರಿದಾದ ಡಬ್ಬಿಯಲ್ಲಿ ನೀರನ್ನೂ ಕಾಳನ್ನೂ ತುಂಬಬೇಡಿರಿ. ಸಿಂಪಡಿಸಿದವನ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿರಿ.

ಮೂರನೆಯದು ರಾತ್ರಿಯ ಮುಸುರೆ. ಎಲ್ಲಾ ಪಾತ್ರೆಗಳನ್ನು ತಿಕ್ಕುವ ಶಕ್ತಿ ಉಳಿದಿರದಿದ್ದರೆ, ಅನ್ನದ ಅಗುಳನ್ನಾದರೂ ತೆಗೆದುಹಾಕಿ ಪಾತ್ರೆಗಳ ಮೇಲೆ ನೀರು ಹೊಯ್ದು, ಉಳಿದ ಅಡಿಗೆಯನ್ನು ಮುಚ್ಚಿರಿ. ಇಲಿಗೂ ಜಿರಲೆಗೂ ಊಟ ದೊರೆಯದ ಮನೆಯಲ್ಲಿ ಅವು ಬಹಳ ಕಾಲ ನಿಲ್ಲವು.

ಎರಡನೆಯದು: ಒಳಗೆ ಬಂದ ಕಸವನ್ನು ಗುಡಿಸುವದಕ್ಕಿಂತ ಕಸವು ಬಾರದಂತೆ ತಡೆಯುವದು ಸುಲಭ.

ನಮ್ಮ ಎರೆಯ ಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಒಳಗೆ ಬರುವದು, ಬೇಸಿಗೆಯಲ್ಲಿ ಧೂಳಾಗಿ ಗಾಳಿಯೊಂದಿಗೆ ಬರುವದು. ಬಾಗಿಲ ಹೊರಗೆ ಒಂದು ಬಂಡೆಯ ಚೂರು, ಒಂದು ಚೆಂಬು ನೀರು, ಒಂದು ಗೋಣಿತಟ್ಟು ಇದ್ದರೆ ಅರ್ಧ ಕಸವು ಅಲ್ಲಿಯೇ ನಿಲ್ಲುವದು. ಹೊಲಿಗೆಯ ಯಂತ್ರದ ಪಕ್ಕದಲ್ಲಿ ಚೀಲವೊಂದನ್ನು ತೂಗಹಾಕಿ, ಕತ್ತರಿಸಿದ ದಾರವನ್ನು ಆಗಾಗಲೇ ಅದರೊಳಗೆ ಹಾಕಿರಿ. ಮುರಿದ ಸೂಜಿಗೆ ಮುಚ್ಚಳದ ಡಬ್ಬಿಯೊಂದಿರಲಿ. ಬಟ್ಟೆಯ ನಾರನ್ನು ಒಣ ಕಸಬರಿಗೆಯಿಂದ ಗುಡಿಸಿದರೆ ಅದು ಎದ್ದು ಎದೆಯೊಳಗೆ ಹೋಗುವದು. ಒದ್ದೆ ಬಟ್ಟೆಯಿಂದ ಒರಸಿದರೆ ಬೇಗನೆ ಹೋಗುವದು. ಮೆಣಸಿನಕಾಯಿಯ ಚೀಲವನ್ನು ಕೂಸು ಮಲಗುವ ಕೋಣೆಯಲ್ಲಿ ಇಡಬೇಡಿರಿ. ಅಕ್ಕಿಯ ಮೂಟೆಯು ನೆಲದ ಮೇಲಲ್ಲ, ಹಲಗೆಯ ಮೇಲೆ ಗೋಡೆಗೆ ತಗಲದಂತೆ ಇರಲಿ. ಆಗ ತೇವ ಹತ್ತದು, ಇಲಿಯೂ ಅಡಗದು.

ಹಾಗೆಯೇ ಪ್ರತಿ ವಸ್ತುವಿಗೂ ಒಂದು ಗೂಟವೋ ಗೂಡೋ ಗೊತ್ತಾಗಿರಲಿ. ಬೀಗದ ಕೈ, ಕುಡಗೋಲು, ಪಡಿತರ ಚೀಟಿ, ಮಕ್ಕಳ ಪುಸ್ತಕ ಇವುಗಳನ್ನು ಹುಡುಕುವದರಲ್ಲಿ ಹೋಗುವ ವೇಳೆಯು ಗುಡಿಸುವದರಲ್ಲಿ ಹೋಗುವ ವೇಳೆಗಿಂತ ಕಡಿಮೆಯಲ್ಲ.

ಮೂರನೆಯದು: ಒಬ್ಬಳ ಭಾರವನ್ನು ಮನೆಯವರೆಲ್ಲರೂ ಹೊರಬೇಕು.

ಇದೇ ಮುಖ್ಯವಾದ ಸಂಗತಿ. 2019ರಲ್ಲಿ ಭಾರತ ಸರಕಾರವು ಜನರು ವೇಳೆಯನ್ನು ಕಳೆಯುವ ವಿಧವನ್ನು ಕುರಿತು ಸಮೀಕ್ಷೆ ನಡಿಸಿತು. 6 ವರ್ಷವೂ ಅದಕ್ಕೆ ಮೇಲ್ಪಟ್ಟ ಪ್ರಾಯವೂ ಉಳ್ಳವರೊಳಗೆ, ಕೂಲಿಯಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ನೂರಕ್ಕೆ ಸುಮಾರು 81, ಗಂಡಸರು ಸುಮಾರು 26 ಮಂದಿ ಎಂದು ಕಂಡುಬಂತು. ಹಾಗೆ ಕೈಹಾಕುವವರಲ್ಲಿಯೂ ಹೆಂಗಸರು ದಿನಕ್ಕೆ 299 ನಿಮಿಷಗಳನ್ನು, ಗಂಡಸರು 97 ನಿಮಿಷಗಳನ್ನು ಕಳೆಯುತ್ತಿದ್ದರು. ಹೀಗಿರಲಾಗಿ ಅನೇಕ ಮನೆಗಳಲ್ಲಿ ವೇಳೆಯ ಕೊರತೆಯೆಂಬದು ನಿಜವಾಗಿ ಕೈಗಳ ಕೊರತೆಯೇ. ಕೈಗಳು ಉಂಟು, ಆದರೆ ಅವು ಚಾಚುವದಿಲ್ಲ.

ಗಂಡಸು ಕಸಬರಿಗೆ ಹಿಡಿದರೆ ನೆರೆಯವರು ನಗುವರೆಂದು ಕೆಲವರು ಹೇಳುವರು. ಭತ್ತದ ಮೂಟೆಯನ್ನು ಹೊತ್ತ ಹೆಗಲಿಗೆ ನೀರಿನ ಕೊಡವು ಅವಮಾನವಾಗುವದು ಹೇಗೆ? ಡ್ರಮ್ಮನ್ನು ಬಗ್ಗಿಸಿ ಉಜ್ಜುವದು ಬಲವುಳ್ಳವರ ಕೆಲಸವಲ್ಲವೇ? ಇದಲ್ಲದೆ, ತಾಯಿಗೆ ಬಿಡುವಿಲ್ಲವೆಂದು ಎಲ್ಲವನ್ನೂ ಹಿರಿಯ ಮಗಳ ತಲೆಯ ಮೇಲೆ ಹೊರಿಸುವದು ಪರಿಹಾರವಲ್ಲ. ಅದು ಅವಳ ಪಾಠದ ವೇಳೆಯನ್ನು ಕಸಿದುಕೊಳ್ಳುವದೇ. ತಂದೆಯು ವಾರದ ನೀರಿನ ಕೆಲಸವನ್ನೂ ಔಷಧದ ಪೆಟ್ಟಿಗೆಯನ್ನೂ ವಹಿಸಿಕೊಳ್ಳಲಿ. ಮಗನೂ ಮಗಳೂ ದಿನ ಬಿಟ್ಟು ದಿನ ಕಸ ಗುಡಿಸಲಿ. ಊಟವಾದ ಮೇಲೆ ಪ್ರತಿಯೊಬ್ಬರೂ ತಮ್ಮ ತಟ್ಟೆಯನ್ನು ತಾವೇ ತೊಳೆಯಲಿ. ಮಲಗುವ ಮುಂಚೆ ಕಾಲು ಘಂಟೆ ಎಲ್ಲರೂ ಕೂಡಿ ಕೆಲಸ ಮಾಡಿದರೆ, ನಾಲ್ಕು ಜನರ ಮನೆಯಲ್ಲಿ ಅದು ಒಂದು ಘಂಟೆಯ ಕೆಲಸವಾಯಿತು.

ಹೀಗೆ ಮಾಡಿದರೆ ಮನೆಯು ಅರಮನೆಯಾಗದು. ಆದರೆ ದಣಿದು ಬಂದವಳು ಕೂತುಕೊಳ್ಳುವದಕ್ಕೆ ಶುದ್ಧವಾದ ಸ್ಥಳವೂ, ಕೂತುಕೊಳ್ಳುವಷ್ಟು ಬಿಡುವೂ ಅಲ್ಲಿ ದೊರೆಯುವವು.

ಮನೆಯವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯ ನೀರಿನ ಪಾತ್ರೆಗಳನ್ನು ಒಳಗೆ ಉಜ್ಜಿ ಒಣಗಿಸಿ ಎಷ್ಟು ದಿನಗಳಾದವು? ವಾರದ ಯಾವ ದಿನವನ್ನು ಇದಕ್ಕೆ ಗೊತ್ತುಮಾಡುವೆವು?

2. ಬೆಳೆಯ ಔಷಧವು ಈಗ ಎಲ್ಲಿದೆ? ಅದು ಮಗುವಿನ ಕೈಗೆ ಎಟುಕುವದೋ?

3. ನಾವು ದಿನವೂ ಹುಡುಕುವ ವಸ್ತು ಯಾವದು? ಅದಕ್ಕೆ ಸ್ಥಳವೆಲ್ಲಿ?

4. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವರು ಯಾರು? ಅವರ ಯಾವ ಕೆಲಸವನ್ನು ಈ ರಾತ್ರಿಯಿಂದ ಯಾರು ತೆಗೆದುಕೊಳ್ಳುವರು?