ಹತ್ತಿದವರ ಲೆಕ್ಕ, ಇಳಿದವರ ಲೆಕ್ಕ

ಬಲ್ಲಾಳರಾಯನ ದುರ್ಗದಲ್ಲಿ ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿಯಬೇಡಿ. ಹಳ್ಳದ ಜೊತೆ ಹೋದರೆ ಊರು ಸಿಗುತ್ತದೆ ಅನ್ನುವುದು ಬೇರೆ ಕಡೆ ನಿಜವಿರಬಹುದು. ಇಲ್ಲಿ ಪಡುವಣ ಅಂಚಿನಲ್ಲಿ ಘಟ್ಟವೇ ಮುಗಿದು, ನೀರು ಬಂಡಾಜೆ ಅರ್ಬಿ ಎಂಬ ಜಲಪಾತವಾಗಿ ಬೆಳ್ತಂಗಡಿ ಕಡೆಯ ಕಾಡಿಗೆ ಬೀಳುತ್ತದೆ. ಅದರ ಬೆನ್ನು ಹಿಡಿದವನು ಅರ್ಬಿಯ ನೆತ್ತಿಗೇ ಹೋಗಿ ನಿಲ್ಲುತ್ತಾನೆ.

ನನ್ನ ಅಕ್ಕನ ಮಗ, ಅವನ ಗೆಳೆಯರು ಹಾಗೇ ಹೋದರು.

ಗುಡ್ಡದ ಬುಡದ ಸುಂಕಸಾಲೆಯಿಂದ ಊರಿನ ಹುಡುಗನೊಬ್ಬನನ್ನು ಜೊತೆಗೆ ಕಳಿಸುತ್ತೇನೆ ಅಂದಿದ್ದೆ. ಭಾವ ಬಿಡಲಿಲ್ಲ. ‘ಟಿಕೆಟ್ ಇದೆ, ಮೊಬೈಲಲ್ಲಿ ಮ್ಯಾಪ್ ಇದೆ, ಓದಿದ ಮಕ್ಕಳಿಗೆ ದಾರಿ ತೋರಿಸೋಕೆ ಆಳು ಯಾಕೆ’ ಅಂದರು. ಆ ಮಾತನ್ನು ನಾನಿನ್ನೂ ಕ್ಷಮಿಸಿಲ್ಲ. ಭಾವ ಇದನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮಧ್ಯಾಹ್ನ ಕಳೆಯುತ್ತಿದ್ದಂತೆ ಕೆಳಗಿನಿಂದ ಮಂಜು ಎದ್ದಿತು. ಸಂಜೆಯಾದರೂ ಹುಡುಗರಿಲ್ಲ, ಫೋನು ಸಿಗುತ್ತಿಲ್ಲ. ಟಿಕೆಟ್ ನೋಡಿ ಒಳಗೆ ಬಿಟ್ಟವನು ಮನೆಗೆ ಹೋಗಿಯಾಗಿತ್ತು. ಹೊಣೆಯಿದ್ದ ಅಧಿಕಾರಿಗೆ ಫೋನ್ ಮಾಡಿದರೆ, ‘ಇವತ್ತು ಮಿತಿ ಮೀರಿ ಯಾರನ್ನೂ ಬಿಟ್ಟಿಲ್ಲ, ಬೆಳಿಗ್ಗೆ ನೋಡೋಣ’ ಎಂಬ ಉತ್ತರ. ಎಷ್ಟು ಜನ ಹತ್ತಿದರೆಂದು ಅವರಿಗೆ ಗೊತ್ತಿತ್ತು. ಎಷ್ಟು ಜನ ಇಳಿದರೆಂದು ಕೇಳಿದೆ. ಉತ್ತರ ಬರಲಿಲ್ಲ.

ನಮ್ಮ ತೋಟದ ಲೆಕ್ಕ ಬರೆಯುವ ರೈಟರು, ಲೈನ್ ಮನೆಯ ಇಬ್ಬರು ಕೆಲಸಗಾರರು, ನಾನು ಹಗ್ಗ, ಕಂಬಳಿ, ಟಾರ್ಚು ತೆಗೆದುಕೊಂಡು ಹೊರಟೆವು. ಕಾಡು ದಾಟುವವರೆಗೆ ಉಂಬಳದ ಕಾಟ, ದಾಟಿದ ಮೇಲೆ ಬೋಳುಗುಡ್ಡದ ಗಾಳಿ. ಟಾರ್ಚು ಎತ್ತಿ ಹಿಡಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಬರುತ್ತಿತ್ತು. ಮೊಣಕಾಲಿನ ಮಟ್ಟಕ್ಕೆ ಇಳಿಸಿದರೆ ಮಾತ್ರ ಹುಲ್ಲು ಕಾಣುತ್ತಿತ್ತು. ನಮ್ಮ ಕೂಗು ನಮಗೇ ಕೇಳದು. ರೈಟರು ಊರ ದೇವಸ್ಥಾನದ ಜಾಗಟೆ ತಂದಿದ್ದರು. ಕೋಟೆ ಗೋಡೆಯ ಹತ್ತಿರ ನಿಂತು ಬಾರಿಸಿದರು, ಕಿವಿಗೊಟ್ಟೆವು, ಏನಿಲ್ಲ. ಹಳ್ಳದ ಕಡೆ ಇಳಿಯುತ್ತ ಮತ್ತೆ ಬಾರಿಸಿದರು. ನೀರಿನ ಸದ್ದು ಜೋರಾಗುತ್ತ ಬಂದಂತೆ ನನ್ನ ಕೈಕಾಲು ತಣ್ಣಗಾದವು. ಆ ಸದ್ದಿನ ಒಳಗಿಂದ ‘ಮಾವಾ’ ಎಂದು ಕೇಳಿತು.

ಅರ್ಬಿಗೆ ಸ್ವಲ್ಪ ಮೇಲೆ, ಪಾಚಿ ಕಟ್ಟಿದ ಬಂಡೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದು ಕೂತಿದ್ದರು. ಒಬ್ಬನ ಕಾಲು ಉಳುಕಿತ್ತು. ಆ ಕಾಲು ಉಳುಕದಿದ್ದರೆ ಇನ್ನೂ ಮುಂದೆ ಹೋಗುತ್ತಿದ್ದರು. ನೀರು ಬೀಳುವ ಸದ್ದನ್ನು ರಸ್ತೆಯಲ್ಲಿ ಲಾರಿ ಹೋಗುವ ಸದ್ದು ಅಂದುಕೊಂಡಿದ್ದರಂತೆ. ಕತ್ತಲಲ್ಲಿ ಅವರನ್ನು ಹತ್ತಿಸುವ ಸಾಹಸ ಮಾಡಲಿಲ್ಲ. ಹಗ್ಗ ಕಟ್ಟಿ ಬಂಡೆಯಿಂದ ಹುಲ್ಲಿಗೆ ಎಳೆದುಕೊಂಡು, ಕಂಬಳಿ ಹೊದಿಸಿ, ಬೆಳಗಾಗುವವರೆಗೆ ಅಲ್ಲೇ ಕೂತೆವು.

ಆ ಅಧಿಕಾರಿ ಹೇಳಿದ ಮಿತಿ ಬಂದದ್ದು ಹೀಗೆ: 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಅದೇ ವರ್ಷ ಆನ್‌ಲೈನ್ ಟಿಕೆಟ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಗೆರೆ ಎಳೆಯಿತು. ಅದು ಬೇಕಾಗಿತ್ತು. ಶೋಲಾ ಕಾಡಿನ ನೆತ್ತಿಯ ಹುಲ್ಲು ಮಳೆನೀರನ್ನು ಹಿಡಿದು ನಮ್ಮ ಹಳ್ಳಗಳಿಗೆ ಬಿಡುತ್ತದೆ. ಎಲ್ಲೆಂದರಲ್ಲಿ ತುಳಿದರೆ ಮಣ್ಣು ಕೊಚ್ಚಿ ತೋಟಕ್ಕೆ ಬರುತ್ತದೆ. ಆದರೆ ಗುಡ್ಡದ ಲೆಕ್ಕ ಇಟ್ಟಷ್ಟೇ ಜೋಪಾನವಾಗಿ ಮನುಷ್ಯರ ಲೆಕ್ಕವನ್ನೂ ಇಡಬೇಕು.

ಹೋಗುವವರು ಊರಿನವರೊಬ್ಬರನ್ನು ಕರೆದುಕೊಳ್ಳಿ. ಎಷ್ಟು ಹೊತ್ತಿಗೆ ಇಳಿಯುತ್ತೀರೆಂದು ಕೆಳಗೆ ಯಾರಿಗಾದರೂ ಹೇಳಿ. ಮಂಜು ಕವಿದರೆ ಇದ್ದಲ್ಲೇ ಕೂತುಬಿಡಿ. ಒಂದು ಸೀಟಿ ಜೇಬಿನಲ್ಲಿರಲಿ.

ಸಂಜೆ ಇಳಿದವರ ಹೆಸರಿಗೆ ಗುರುತು ಹಾಕುವ ಪುಸ್ತಕವೊಂದನ್ನು ಗೇಟಿನಲ್ಲಿಡಿ ಎಂದು ಅರ್ಜಿ ಕೊಟ್ಟಿದ್ದೇನೆ. ಹಿಂಬರಹ ಇನ್ನೂ ಬಂದಿಲ್ಲ. ಬರುವ ಗ್ರಾಮಸಭೆಯಲ್ಲಿ ಇದನ್ನೇ ಎತ್ತುತ್ತೇನೆ, ರೈಟರೂ ಬರುತ್ತಾರೆ.